ಅರವತ್ತೊಂದು ‘ನಾವು’

ನಿದಿಯಾ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಮರದ ಒರಳಿನಲ್ಲಿ ಮಜ್ಜಿಗೆಹುಲ್ಲನ್ನೂ ಪುದೀನವನ್ನೂ ಜಜ್ಜುತ್ತಿದ್ದಳು. ಅಸುನ್ಸಿಯೋನ್ ನಗರದ ಆ ಬೀದಿಯಲ್ಲಿ ಬೆಳಗಿನ ಆರು ಗಂಟೆಗೆ ಎಲ್ಲ ಮನೆಗಳಿಂದಲೂ ಅದೇ ಕುಟ್ಟುವ ಸದ್ದು. ಜಜ್ಜಿದ ಸೊಪ್ಪನ್ನು ಮಂಜುಗಡ್ಡೆಯ ನೀರಿಗೆ ಹಾಕಿ, ಆ ನೀರನ್ನು ಕೊಂಬಿನ ಬಟ್ಟಲಲ್ಲಿರುವ ಎಲೆಪುಡಿಯ ಮೇಲೆ ಸ್ವಲ್ಪ ಸ್ವಲ್ಪವೇ ಹುಯ್ದು, ಕೊಳವೆಯಲ್ಲಿ ಹೀರಿದರೆ ಅದು ತೆರೆರೆ. ನವೆಂಬರಿನ ಸೆಕೆಯಲ್ಲಿ ತೆರೆರೆ ಇಲ್ಲದೆ ಪರಾಗ್ವೆಯಲ್ಲಿ ಒಂದು ಸಭೆಯೂ ಶುರುವಾಗುವುದಿಲ್ಲ, ಒಂದು ಜಗಳವೂ ಮುಗಿಯುವುದಿಲ್ಲ.

ಮಗಳು ಜೆರುತಿ ಪಕ್ಕದಲ್ಲಿ ಕೂತು ಪುದೀನದ ಎಲೆ ಬಿಡಿಸಿಕೊಡುತ್ತಿದ್ದಳು. ಏಳು ವರ್ಷದ ಹುಡುಗಿ, ಮಾತು ಕಡಮೆ. ಏನಾದರೂ ಕೇಳಬೇಕಾದರೆ ಮೊದಲು ಅಪ್ಪಣೆ ಕೇಳುವವಳು.

“ಅಮ್ಮಾ, ಒಂದು ಕೇಳ್ಲಾ?”

“ಕೇಳು ಪುಟ್ಟಿ.”

“ನೀನು ದಿನಾ ಓದ್ತಾ ಇದ್ಯಲ್ಲ, ಆ ಆಫೀಸಿನ ಹಾಳೆ, ಅದರಲ್ಲಿ...”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಿದಿಯಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎತ್ತಿದಳು. ಆ ಕಡೆ ದೋನ್ಯಾ ಸುನಿಲ್ದಾ; ದೋನ್ಯಾ ಎಂದರೆ ಅಲ್ಲಿ ಹಿರಿಯ ಹೆಂಗಸಿಗೆ ‘ಅಮ್ಮಾವ್ರು’ ಎಂದಂತೆ.

“ನಿದಿಯಾ, ಎದ್ದಿದೀಯೇನಮ್ಮಾ?”

“ಎದ್ದಿದೀನಿ ದೋನ್ಯಾ. ಸೊಪ್ಪು ಜಜ್ತಾ ಇದ್ದೆ.”

“ಒನಕೆ ಕೆಳಗಿಟ್ಟು ಕೇಳು. ಅನಸ್ತಾಸಿಯೊ ಈಗ ತಾನೆ ನಮ್ಮ ಗೇಟಿಗೆ ಬಂದಿದ್ದ. ಐದು ಗಂಟೆಗೇ ಮೋಟರ್ ಸೈಕಲ್ ಹತ್ತಿಕೊಂಡು, ಒಂದು ಚೀಲ ಮರಗೆಣಸು ಹೇರ್ಕೊಂಡು. ಚೀಲ ಇಳಿಸಿ ಏನಂದ ಗೊತ್ತಾ? ‘ದೋನ್ಯಾ, ನಿಮ್ಮ ಯೋಜನೆ ಚೆನ್ನಾಗಿದೆ. ನಿಮ್ಮದು, ನೀವೇ ಮಾಡ್ಕೊಳ್ಳಿ. ಅದಕ್ಕೆ ನನ್ನ ಕೈ ಯಾಕೆ?’ ಕೂತ್ಕೊಳಿ ಅಂದ್ರೂ ಕೂರಲಿಲ್ಲ.”

“ಇವತ್ತು ಕೈ ಎತ್ತಲ್ವಂತಾ?”

“ಎತ್ತಲ್ವಂತೆ. ಕೋಪಾನೂ ಇಲ್ಲ ಕಣೇ ಅವನಿಗೆ. ಕೋಪ ಇದ್ರೆ ಚೀಲ ತರ್ತಿರಲಿಲ್ಲ. ಬೇಜಾರು.”

ದೋನ್ಯಾ ಸುನಿಲ್ದಾ ಸಂಶೋಧನಾ ಮಂಡಳಿಯ ಯೋಜನಾ ಕಚೇರಿಗೆ ಹಿರಿಯಳು. ಅರವತ್ತೆಂಟು ವರ್ಷ, ತಿಂಗಳ ಕೊನೆಗೆ ನಿವೃತ್ತಿ. ದೇಶದ ಪ್ರಯೋಗಾಲಯಗಳು ಮುಂದಿನ ಹತ್ತು ವರ್ಷ ಏನನ್ನು ಕಲಿಯಬೇಕು, ಯಾರ ಜೊತೆ ಕಲಿಯಬೇಕು, ಏನನ್ನು ಯಾರ ಕೈಗೂ ಕೊಡಬಾರದು ಎಂದು ನಾಲ್ಕು ವರ್ಷ ಕೂತು ಬರೆದವಳು. ಅವಳು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಅದನ್ನು ಗ್ವಾರಾನಿಗೆ ತಂದದ್ದು ನಿದಿಯಾ. ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಮತ ಹಾಕುವುದು ಮಂಡಳಿಯ ಪದ್ಧತಿ.

ಆ ಮತ ಇವತ್ತು ಮೂರು ಗಂಟೆಗೆ. ಒಂಬತ್ತು ಸದಸ್ಯರಲ್ಲಿ ನಾಲ್ವರು ಪರ, ನಾಲ್ವರು ವಿರೋಧ. ಒಂಬತ್ತನೆಯವನು ಅನಸ್ತಾಸಿಯೊ, ಮರಗೆಣಸು ಬೆಳೆಯುವವರ ಪ್ರತಿನಿಧಿ. ಅವನ ಕೈ ಏಳದೆ ಯೋಜನೆ ಬಿದ್ದರೆ, ಆಗಲೇ ಟೈಪಾಗಿ ಕಾಯುತ್ತಿರುವ ಇನ್ನೊಂದು ಕಾಗದಕ್ಕೆ ಮುಂದಿನ ವಾರ ಸಹಿ ಬೀಳುತ್ತಿತ್ತು. ಮಂಡಳಿಯವರು ಊರಾಚೆಯ ತೋಟದಲ್ಲಿ ಸಾಕಿಕೊಂಡು ಬಂದ ನಾನ್ನೂರು ಬಗೆಯ ಮರಗೆಣಸು ‘ಭದ್ರವಾಗಿಡಲು’ ಹೊರದೇಶದ ಕಂಪನಿಯೊಂದಕ್ಕೆ ಹೋಗುತ್ತವೆ, ತೋಟಕ್ಕೆ ಬೀಗ ಬೀಳುತ್ತದೆ ಎಂದು ಆ ಕಾಗದದಲ್ಲಿತ್ತು. ಬೇಕಾದಾಗ ಕೇಳಿ ತರಿಸಿಕೊಳ್ಳಬಹುದಂತೆ.

“ಹೋದ ಸಭೆಯಲ್ಲಿ ಕರಡು ಓದಿದಾಗಲೇ ನನಗೆ ಅನುಮಾನ ಬಂದಿತ್ತು,” ಎಂದಳು ದೋನ್ಯಾ. “ಮೊದಲನೇ ಸುತ್ತಿಗೇ ಬಟ್ಟಲು ವಾಪಸ್ ಕೊಟ್ಟು ‘ಗ್ರಾಸಿಯಾಸ್’ ಅಂದುಬಿಟ್ಟ.”

ಅದು ನಿದಿಯಾಗೂ ನೆನಪಿತ್ತು. ತೆರೆರೆಯ ಬಟ್ಟಲು ಸುತ್ತು ಬರುವಾಗ ಸುಮ್ಮನೆ ಹಿಂದಿರುಗಿಸಿದರೆ ‘ಇನ್ನೂ ಕುಡಿಯುತ್ತೇನೆ’ ಎಂದು ಅರ್ಥ. ಧನ್ಯವಾದ ಹೇಳಿದರೆ ಮುಗಿಯಿತು, ಮತ್ತೆ ಯಾರೂ ಕೊಡುವುದಿಲ್ಲ. ಮೂರು ಥರ್ಮಾಸು ಖಾಲಿ ಮಾಡುವ ಆಸಾಮಿ ಒಂದೇ ಬಟ್ಟಲಿಗೆ ಧನ್ಯವಾದ ಹೇಳಿದ್ದ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಿದ್ದಳು ನಿದಿಯಾ.

‘ನಿಮ್ಮದು, ನೀವೇ ಮಾಡ್ಕೊಳ್ಳಿ.’ ಆ ಮಾತನ್ನು ಅವಳು ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡಳು. ಒನಕೆ ಒರಳಿನಲ್ಲಿ ನಿಂತೇ ಇತ್ತು. ಅಯ್ಯೋ ದೇವರೇ, ಎಂದಳು ತನ್ನಷ್ಟಕ್ಕೆ.

ಸ್ಪ್ಯಾನಿಷ್‌ನಲ್ಲಿ, ನಮ್ಮ ಕನ್ನಡದ ಹಾಗೆಯೇ, ಒಂದೇ ‘ನಾವು’. ಗ್ವಾರಾನಿಯಲ್ಲಿ ಎರಡು. ಕೇಳುತ್ತಿರುವವರನ್ನೂ ಒಳಗೆ ಕರೆದುಕೊಂಡ ನಾವು ‘ನ್ಯಾಂದೆ’. ಕೇಳುವವರನ್ನು ಹೊರಗೆ ನಿಲ್ಲಿಸಿದ ನಾವು ‘ಒರೆ’. ಊಟಕ್ಕೆ ಹೋಗೋಣ ಎನ್ನುವಾಗ ನ್ಯಾಂದೆ. ನಾವು ಊಟಕ್ಕೆ ಹೊರಟೆವು, ನೀವಿರಿ ಎನ್ನುವಾಗ ಒರೆ. ಎರಡು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ. ಆದರೆ ದೇವರ ಮುಂದೆ ಕೈಮುಗಿದು ‘ನಮ್ಮ ತಂದೆಯೇ’ ಎನ್ನುವಾಗ ‘ಒರೆ’ ಎಂದೇ ಹೇಳಬೇಕು. ದೇವರು ನಮ್ಮ ಗುಂಪಿನವನಲ್ಲವಲ್ಲ! ನಿದಿಯಾ ಚಿಕ್ಕಂದಿನಿಂದ ಗಂಭೀರವಾದ ಗ್ವಾರಾನಿ ಕೇಳಿದ್ದೆಲ್ಲ ಚರ್ಚಿನ ಪ್ರಾರ್ಥನೆಯಲ್ಲೇ. ಸರಕಾರದ ಕಾಗದ ಅಂದಮೇಲೆ ಭಾಷೆ ಗಂಭೀರವಾಗಿರಬೇಕು ಎಂದು ಇಡೀ ಯೋಜನೆಯನ್ನು ಆ ಪ್ರಾರ್ಥನೆಯ ‘ಒರೆ’ಯಲ್ಲೇ ಬರೆದಿದ್ದಳು. ಒಂದಲ್ಲ ಎರಡಲ್ಲ, ಅರವತ್ತೊಂದು ಕಡೆ. ‘ನಮ್ಮ ಮರಗೆಣಸು’ ಎಂದಾಗ ಅನಸ್ತಾಸಿಯೊಗೆ ಕೇಳಿಸಿದ್ದು ‘ನಮ್ಮದು, ನಿನ್ನದಲ್ಲ’ ಎಂದು. ಆ ನಾನ್ನೂರು ಬಗೆಯಲ್ಲಿ ಮೂವತ್ತು ಅವನ ಅಜ್ಜಿಯ ಹಿತ್ತಲಿನಿಂದ ಬಂದವು.

“ದೋನ್ಯಾ, ತಪ್ಪು ನನ್ನದು,” ಎಂದಳು. ಎಲ್ಲವನ್ನೂ ಹೇಳಿದಳು.

ಆ ಕಡೆ ದೋನ್ಯಾ ನಕ್ಕಳು. “ದೇವರಿಗೆ ಬರೆದ ಅರ್ಜಿಯನ್ನ ಅನಸ್ತಾಸಿಯೊಗೆ ಓದಿ ಹೇಳಿದ್ವಾ ನಾವು? ಅವನೇನೂ ವರ ಕೊಡಲಿಲ್ಲ ಅಂತ ಬೇಜಾರು ಬೇರೆ! ಹಾಳೆ ತಗೊಂಡು ಬಾ. ತಪ್ಪು ಯಾರದು ಅಂತ ಸಂಜೆ ಕೂತು ಹಂಚ್ಕೊಳ್ಳೋಣ.”

ಶಾಲೆಗೆ ಅವತ್ತು ಮೇಷ್ಟ್ರುಗಳ ಸಭೆಯೆಂದು ರಜೆ. ಜೆರುತಿಯ ಅಪ್ಪ ಸರಕುದೋಣಿಯ ಜೊತೆ ನದಿಯ ಮೇಲಿದ್ದ, ಬರುವುದು ಇನ್ನೂ ಹತ್ತು ದಿನ. ಹಾಗಾಗಿ ಮಗಳೂ ಹೊರಟಳು. ಬಸ್ಸಿನಲ್ಲಿ ಥರ್ಮಾಸನ್ನು ಅಪ್ಪಿಕೊಂಡು ಕೂತು, ಎರಡು ನಿಲ್ದಾಣ ಕಳೆದಮೇಲೆ, “ಅಮ್ಮಾ, ಈಗ ಕೇಳ್ಲಾ?” ಎಂದಳು. ಅಷ್ಟರಲ್ಲಿ ಚೀಪಾ ಎನ್ನುವ ಉಂಗುರದಾಕಾರದ ರೊಟ್ಟಿಯ ಬುಟ್ಟಿಯವಳು ಬಸ್ಸು ಹತ್ತಿ, “ಬಿಸಿ ಚೀಪಾ, ಬಿಸೀ ಚೀಪಾ, ಗಿಣ್ಣು ಜಾಸ್ತಿ ಹಿಟ್ಟು ಕಮ್ಮಿ!” ಎಂದು ಕೂಗತೊಡಗಿದಳು. ನಿದಿಯಾ ಎರಡು ಕೊಂಡು ಒಂದನ್ನು ಮಗಳ ಕೈಗಿಟ್ಟು, ತೊಡೆಯ ಮೇಲಿನ ಹಾಳೆಗಳಲ್ಲಿ ‘ಒರೆ’ಗಳನ್ನು ಎಣಿಸುವುದರಲ್ಲಿ ಮುಳುಗಿಹೋದಳು. ಕಣ್ಣೆತ್ತಿದಾಗ ಜೆರುತಿ ಚೀಪಾದ ಉಂಗುರದೊಳಗಿಂದ ಬೀದಿಯನ್ನು ನೋಡುತ್ತಿದ್ದಳು.

ಕಚೇರಿಯೆಂದರೆ ಹಳೆಯ ಹೆಂಚಿನ ಮನೆ. ಒಳಗೆ ಕಾಲಿಟ್ಟು ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಕರೆಂಟು ಹೋಯಿತು. ದೋನ್ಯಾ ಸುನಿಲ್ದಾ ಹಿತ್ತಲಿನ ಮಾವಿನ ಮರದ ಕೆಳಗೆ ಎರಡು ಕುರ್ಚಿ ಎಳೆಸಿದಳು. ಕುಳ್ಳಗಿನ ಹೆಂಗಸು, ಬಿಳಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಅದರಲ್ಲಿ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

“ಅಷ್ಟು ದೊಡ್ಡ ಅಣೆಕಟ್ಟು ಇಟ್ಕೊಂಡು, ಪಕ್ಕದ ದೇಶಕ್ಕೆ ಬೆಳಕು ಮಾರ್ಕೊಂಡು ಬದುಕೋರು ನಾವು,” ಎಂದಳು ಸೆರಗಿನಂತಿದ್ದ ತೆಳು ಶಾಲಿನಿಂದ ಗಾಳಿ ಹಾಕಿಕೊಳ್ಳುತ್ತ. “ಏನಮ್ಮಾ ನಿದಿಯಾ, ‘ನಮ್ಮ ವಿದ್ಯುತ್ತು’ ಅಂತ ಎಲ್ಲೋ ಬರೆದಿದೀಯಲ್ಲ, ಅದು ಯಾವ ನಮ್ಮ?”

“ಒರೆ ಅಂತಾನೇ ಇದೆ ದೋನ್ಯಾ.”

“ಅದೊಂದು ಸರಿಯಾಗಿದೆ ಬಿಡು. ನಮ್ಮ ಮನೆಗಂತೂ ಬರಲ್ಲ.”

ಇಬ್ಬರೂ ನಕ್ಕರು. ನಗು ನಿಂತಮೇಲೆ ನಿದಿಯಾ ಹಾಳೆ ಮುಂದಿಟ್ಟಳು. ಒಂದು ಪದ ತಿದ್ದಿದರೆ ಮುಗಿಯುವುದಿಲ್ಲ. ‘ನಾವು’ ಬದಲಾದರೆ ಅದರ ಹಿಂದೆಯೇ ಕ್ರಿಯಾಪದದ ತಲೆಯೂ ಬದಲಾಗಬೇಕು. ಅರವತ್ತೊಂದು ಕಡೆ ಕೈಯಲ್ಲೇ ತಿದ್ದಬೇಕು. ಗಂಟೆ ಒಂಬತ್ತೂವರೆ.

“ಎಲ್ಲಾ ಕಡೆ ನ್ಯಾಂದೆ ಮಾಡಿಬಿಡ್ತೀನಿ ದೋನ್ಯಾ. ಹನ್ನೆರಡಕ್ಕೆ ಮುಗಿಯುತ್ತೆ.”

“ತಡಿ ತಡಿ. ಇವತ್ತು ಕೋಣೇಲಿ ಯಾರ್ಯಾರು ಕೂತಿರ್ತಾರೆ?”

ಆಗ ಹೊಳೆಯಿತು ನಿದಿಯಾಗೆ. ಯಂತ್ರ, ಸಹಾಯ ಕೊಡುವ ಕಡೆಯ ಅತಿಥಿಗಳು ಇಬ್ಬರು: ಉತ್ತರದ ದೊಡ್ಡ ದೇಶದವನು ಒಬ್ಬ, ಪೂರ್ವದ ದೊಡ್ಡ ದೇಶದವಳು ಒಬ್ಬಳು. ಇಬ್ಬರೂ ತಮ್ಮ ತಮ್ಮ ದುಭಾಷಿಯ ಜೊತೆ ಬಂದು ಗೋಡೆಯ ಬದಿಗೆ ಕೂರುತ್ತಾರೆ. ‘ನ್ಯಾಂದೆ’ ಎಂದರೆ ಕೇಳುವವರೆಲ್ಲ ಒಳಗೆ. ‘ನಮ್ಮ ನಾನ್ನೂರು ಬಗೆಯ ಮರಗೆಣಸು’ ಎಂದು ಓದಿದರೆ ಅವು ಈ ಅತಿಥಿಗಳದೂ ಆಗಿಬಿಡುತ್ತವೆ. ಒರೆ ಎಂದರೆ ಅನಸ್ತಾಸಿಯೊ ಹೊರಗೆ, ನ್ಯಾಂದೆ ಎಂದರೆ ಅತಿಥಿಗಳು ಒಳಗೆ.

“ಎತ್ತಲಾಗೂ ಇಕ್ಕಟ್ಟು,” ಎಂದಳು ಅಳುವ ಹಾಗಾಗಿ.

ದೋನ್ಯಾ ಪೆನ್ಸಿಲನ್ನು ಕೂದಲಿನಿಂದ ಎಳೆದಳು. ಬೇರೆ ಯಾರಾದರೂ ಆಗಿದ್ದರೆ, ನಾಲ್ಕು ವರ್ಷದ ಕೆಲಸವನ್ನು ಕೊನೆಯ ಬೆಳಿಗ್ಗೆ ಬಿಚ್ಚಿ ಹಾಕಿದವಳನ್ನು ನುಂಗಿ ನೀರು ಕುಡಿಯುತ್ತಿದ್ದರು. ಈ ಹೆಂಗಸು ಮಾತ್ರ ಹಾಳೆಯನ್ನು ಹೊಸ ಅಕ್ಕಿಯಂತೆ ನೋಡತೊಡಗಿದಳು, ಕಲ್ಲಿದ್ದರೆ ಆರಿಸೋಣ ಎನ್ನುವ ಹಾಗೆ.

“ನನಗೆ ಇದು ಹೊಳೀಲೇ ಇಲ್ಲ ನೋಡು,” ಎಂದಳು. “ಸ್ಪ್ಯಾನಿಷ್‌ನಲ್ಲಿ ‘ನಾವು’ ಅಂತ ಬರೆದೆ, ಯಾರು ಅಂತ ಹೇಳದೇ ತಪ್ಪಿಸ್ಕೊಂಡೆ. ಗ್ವಾರಾನಿ ಬಿಡಲ್ಲ, ಹಿಡಿದು ಕೇಳುತ್ತೆ: ಯಾರು? ನಿನ್ನ ತಪ್ಪು ಅಲ್ಲ ಕಣೇ ಇದು. ನನ್ನ ತಪ್ಪನ್ನ ನೀನು ಹಿಡಿದುಕೊಟ್ಟೆ.”

ನಿದಿಯಾ ಈ ಹೆಂಗಸಿನ ಜೊತೆ ಆರು ವರ್ಷ ಕೆಲಸ ಮಾಡಿದ್ದಳು, ಇನ್ನೂ ಬೆರಗು ಹೋಗಿರಲಿಲ್ಲ. ದೋನ್ಯಾ ಹುಟ್ಟಿ ಬೆಳೆದದ್ದು ನದಿದಂಡೆಯ ತಗ್ಗಿನಲ್ಲಿ, ಹಲಗೆ-ತಗಡಿನ ಮನೆಯಲ್ಲಿ. ಕೆಲವು ವರ್ಷಕ್ಕೊಮ್ಮೆ ನದಿ ಮೇಲೆ ಬರುತ್ತಿತ್ತು. ಅವಳ ತಾಯಿ ಪ್ರತಿ ತಗಡಿನ ಮೂಲೆಯಲ್ಲೂ ಇದ್ದಿಲಿನಲ್ಲಿ ಒಂದೊಂದು ಅಂಕಿ ಬರೆದಿಟ್ಟಿದ್ದಳಂತೆ. ನೀರು ಬಂದ ದಿನ ಒಂದರಿಂದ ಶುರುಮಾಡಿ ಬಿಚ್ಚುವುದು, ದೋಣಿಗೆ ಹೇರುವುದು, ಎತ್ತರದ ಚೌಕದಲ್ಲಿ ಅದೇ ಅಂಕಿಯಂತೆ ಮತ್ತೆ ಮನೆ ಕಟ್ಟುವುದು. “ನೀರು ಯಾವಾಗ ಬರುತ್ತೆ ಅಂತ ನಮ್ಮಮ್ಮನಿಗೆ ಗೊತ್ತಿರಲಿಲ್ಲ. ಯಾವ ತಗಡು ಮೊದಲು ಬಿಚ್ಚಬೇಕು ಅಂತ ಗೊತ್ತಿತ್ತು,” ಎಂದು ಹೇಳುವಾಗ ದೋನ್ಯಾಳ ದನಿ ಮೆತ್ತಗಾಗುತ್ತಿತ್ತು.

ಅವಳ ಯೋಜನೆಯೂ ಹಾಗೆಯೇ. ಉಳಿದ ಕಚೇರಿಗಳಲ್ಲಿ ದೊಡ್ಡ ದೊಡ್ಡವರು ಸೂಟು ಹಾಕಿಕೊಂಡು ಮುಂದಿನ ಹತ್ತು ವರ್ಷ ಯಾವ ದೇಶ ಮೇಲೇಳುತ್ತದೆ, ಯಾವುದು ಕೆಳಗಿಳಿಯುತ್ತದೆ ಎಂದು ವಾದಿಸುತ್ತಿದ್ದರು. ದೋನ್ಯಾ ಚಪ್ಪಲಿ ಹಾಕಿಕೊಂಡು ಒಂದೊಂದು ಪ್ರಯೋಗಾಲಯಕ್ಕೂ ಹೋಗಿ ಒಂದೇ ಪ್ರಶ್ನೆ ಕೇಳಿದಳು: “ನೀರು ಬಂದ್ರೆ ಮೊದಲು ಏನು ದೋಣಿಗೆ ಹಾಕ್ತೀರಿ?” ಒಬ್ಬರು ಸೂಕ್ಷ್ಮದರ್ಶಕ ಎಂದರು, ಇನ್ನೊಬ್ಬರು ಫ್ರಿಜ್ಜು ಎಂದರು. ಮರಗೆಣಸಿನ ತೋಟದ ಮೇಸ್ತ್ರಿ ಮಾತ್ರ ತಲೆ ಕೆರೆದುಕೊಂಡು, “ಮೊದಲು ನಮ್ಮ ಹುಡುಗೀರನ್ನ ಹಾಕ್ತೀನಿ ದೋನ್ಯಾ. ಮರಗೆಣಸು ವರ್ಷಾ ವರ್ಷಾ ಕಡ್ಡಿ ನೆಟ್ರೆ ತಾನೆ ಉಳಿಯೋದು? ಯಾವ ಕಡ್ಡಿ ಯಾವಾಗ ನೆಡ್ಬೇಕು ಅಂತ ಗೊತ್ತಿರೋರು ಮುಳುಗಿದ್ರೆ, ಕಡ್ಡಿ ದಡ ಸೇರಿ ಏನು ಮಾಡುತ್ತೆ?” ಎಂದ. ಅದು ಯೋಜನೆಯ ಮೊದಲ ಪುಟಕ್ಕೆ ಹೋಯಿತು.

ಈ ನಾಲ್ಕು ವರ್ಷದಲ್ಲಿ ನೀರು ಮೂರು ಸಲ ಬಂದಿತ್ತು. ಉತ್ತರದಲ್ಲಿ ಸರಕಾರ ಬದಲಾಗಿ, ಅರ್ಧ ಕಟ್ಟಿದ ಪ್ರಯೋಗಾಲಯಕ್ಕೆ ಬರಬೇಕಾದ ಸಹಾಯ ಒಂದು ಸಂಜೆಯಲ್ಲಿ ನಿಂತುಹೋಯಿತು. ಪೂರ್ವದಿಂದ ಬಂದ ಯಂತ್ರಗಳು ಕೆಟ್ಟಾಗ ಅವರ ಜನರೇ ಬಂದು ಬಿಚ್ಚಬೇಕು, ಇಲ್ಲಿಯವರು ಸ್ಕ್ರೂ ಮುಟ್ಟುವಂತಿಲ್ಲ ಎಂದಾಯಿತು. ಆಮೇಲೆ ಇಬ್ಬರ ನಡುವೆಯೇ ಮನಸ್ತಾಪ ಬಂದು, ಒಬ್ಬರ ಯಂತ್ರ ಇದ್ದ ಕೋಣೆಗೆ ಇನ್ನೊಬ್ಬರ ಯಂತ್ರ ಬರುವುದು ನಿಂತಿತು. ಬೇರೆ ಇಲಾಖೆಗಳು ಪ್ರತಿಸಲವೂ ಯೋಜನೆ ಹರಿದು ಹೊಸದು ಬರೆದವು. ದೋನ್ಯಾಳ ಯೋಜನೆಯಲ್ಲಿ ಬದಲಾದದ್ದು ಒಟ್ಟು ಎಂಟು ಸಾಲು.

“ಸರಿ,” ಎಂದಳು ದೋನ್ಯಾ. “ಒಂದೊಂದೇ ಓದು. ಪ್ರತಿ ‘ನಾವು’ಗೂ ಕೇಳೋಣ, ಇದನ್ನ ಯಾರ ಮುಖ ನೋಡಿ ಹೇಳ್ತಿದೀವಿ ಅಂತ.”

“ಮುಖ ನೋಡಿ ಅಂದ್ರೆ?”

“ಕೋಣೇಲಿ ಹತ್ತು ಜನ ಇದ್ರೂ ನಾನು ಯಾರ ಕಡೆ ತಿರುಗಿ ಮಾತಾಡ್ತೀನೋ ಅವರೇ ತಾನೆ ಕೇಳೋರು? ಮಿಕ್ಕೋರ ಕಿವಿಗೆ ಬೀಳುತ್ತೆ ಅಷ್ಟೆ. ಕುರ್ಚಿ ತಿರುಗಿಸ್ಕೊಂಡು ಓದ್ತೀನಿ.”

ನಿದಿಯಾ ಅವಳನ್ನೇ ನೋಡಿದಳು. ಎಷ್ಟು ಸರಳ!

ಶುರುವಾಯಿತು. ಮರಗೆಣಸು, ಅನಸ್ತಾಸಿಯೊನ ಮುಖ ನೋಡಿ: ನ್ಯಾಂದೆ. ತೋಟದ ಕಡ್ಡಿಗಳು ದೇಶದ ಹೊರಗೆ ಹೋಗಬೇಕಾದರೆ ನಮ್ಮನ್ನು ಕೇಳಬೇಕು, ಇದು ಅತಿಥಿಗಳ ಮುಖ ನೋಡಿ: ಒರೆ. ಯಂತ್ರ ಯಾರದಾದರೂ ಬರಲಿ, ಬಿಚ್ಚಿ ಜೋಡಿಸುವುದನ್ನು ನಾವು ಕಲಿಯುವ ತನಕ ಸಹಿ ಇಲ್ಲ: ಒರೆ, ಅತಿಥಿಗಳಿಗೆ, ಸ್ವಲ್ಪ ನಗುತ್ತ. ನದಿಯ ಜ್ವರ, ಸೊಳ್ಳೆಯ ರೋಗಗಳ ಬಗ್ಗೆ ನಾವು ಕಲಿಯಬೇಕಾದದ್ದು? ನಿದಿಯಾ ‘ಒರೆ’ ಎನ್ನಹೊರಟಳು.

“ಸೊಳ್ಳೆ ಪಾಸ್‌ಪೋರ್ಟ್ ನೋಡುತ್ತಾ?” ಎಂದಳು ದೋನ್ಯಾ. “ಅಲ್ಲಿ ಅವರಿಬ್ಬರ ಮುಖ ನೋಡೇ ನ್ಯಾಂದೆ ಅನ್ನೋಣ. ಯಾರು ಮೇಲಿದ್ರೂ ಯಾರು ಕೆಳಗಿದ್ರೂ ಅದು ಒಟ್ಟಿಗೆ ಕಲಿಯೋದು.”

ಸಾಲು ಸಾಲಾಗಿ ತಿದ್ದುತ್ತ ಹೋದಂತೆ ನಿದಿಯಾಗೆ ವಿಚಿತ್ರವಾದ ಖುಷಿ. ಇದುವರೆಗೆ ಅವಳು ಈ ಯೋಜನೆಯನ್ನು ಬರೀ ಪದವಾಗಿ ಹೊತ್ತು ತಂದಿದ್ದಳು. ಈಗ ಒಂದೊಂದು ಸಾಲಿಗೂ ಬಾಗಿಲು ಬಂತು. ಯಾರು ಒಳಗೆ, ಯಾರು ಹೊರಗೆ, ಯಾರಿಗೆ ಜಗಲಿಯಲ್ಲಿ ಕುರ್ಚಿ ಎಂದು ಕಾಣತೊಡಗಿತು. ಎರಡು ಕಡೆ ದೋನ್ಯಾ ತನ್ನ ಸ್ಪ್ಯಾನಿಷ್ ಸಾಲನ್ನೇ ಹೊಡೆದುಹಾಕಿ, ‘ನಾವು’ ಎಂದರೆ ಯಾರೆಂದು ಬಿಡಿಸಿ ಬರೆದಳು.

ಜೆರುತಿ ಮಾವಿನ ಬೇರಿನ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ನಡುವೆ ಒಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ದೋನ್ಯಾ, “ಊಟ! ಗಂಟೆ ಒಂದಾಯ್ತು, ಮಗು ಹಸಿದಿರುತ್ತೆ,” ಎಂದು ಅನಸ್ತಾಸಿಯೊ ಕೊಟ್ಟ ಮರಗೆಣಸನ್ನು ಬೇಯಿಸಿ ತಂದಿದ್ದ ಡಬ್ಬಿ ಬಿಚ್ಚಿದಳು. ಹತ್ತಿಯ ಹಾಗೆ ಅರಳಿತ್ತು. ಮಗು ಬಾಯಿ ಮುಚ್ಚಿಕೊಂಡು ತಿಂದಿತು.

ಎರಡೂವರೆಗೆ ಅರವತ್ತು ಮುಗಿದವು. ಉಳಿದದ್ದು ಕೊನೆಯ ಸಾಲು: ನಾವು ಕಲಿತದ್ದನ್ನು ಮುಂದೆ ಬರುವವರಿಗೆ ಒಪ್ಪಿಸುತ್ತೇವೆ.

“ಇದು ಯಾರ ಮುಖ ನೋಡಿ ದೋನ್ಯಾ?”

ದೋನ್ಯಾ ಪೆನ್ಸಿಲ್ ಕಚ್ಚಿದಳು. ಕೋಣೆಯಲ್ಲಿರುವವರಿಗೆ ಹೇಳಿದರೆ ನ್ಯಾಂದೆ: ಇಲ್ಲಿರುವ ಎಲ್ಲರೂ ಸೇರಿ ಒಪ್ಪಿಸುತ್ತೇವೆ. ಮುಂದೆ ಬರುವವರಿಗೇ ಹೇಳಿದರೆ ಒರೆ: ನಾವು ಕೊಡುವವರು, ನೀವು ತೆಗೆದುಕೊಳ್ಳುವವರು. ಅವರು ಕೋಣೆಯಲ್ಲಿ ಇರುವುದೇ ಇಲ್ಲವಲ್ಲ. ಹೊರಗೆ ಕಾರುಗಳು ಬಂದು ನಿಲ್ಲುವ ಸದ್ದಾಯಿತು.

“ಖಾಲಿ ಬಿಡು,” ಎಂದಳು. “ಅಲ್ಲಿಗೆ ಬಂದಾಗ ನೋಡ್ಕೊಳ್ಳೋಣ.”

ಸಭೆಯ ಕೋಣೆಗೆ ಕರೆಂಟು ಬಂದಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು. ತೆರೆರೆ ಹುಯ್ಯುವ ಕೆಲಸ ನಿದಿಯಾಳದು. ಮೇಜಿನ ಸುತ್ತ ಇರುವವರಲ್ಲಿ ಕಿರಿಯವಳು ಅವಳೇ. ಜೆರುತಿ ಅವಳ ಬೆನ್ನಿಗೆ ಅಂಟಿದ ಸ್ಟೂಲಿನ ಮೇಲೆ. ಅನಸ್ತಾಸಿಯೊ ಕೊನೆಗೆ ಬಂದ, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಕಿವಿಯ ಮೇಲೆ ಬಿಳಿ ಕೂದಲು, ಅಂಗೈಯಲ್ಲಿ ಕೆಂಪುಮಣ್ಣು ಮಾಸದ ಗೆರೆ.

ಮೊದಲ ಸುತ್ತು ಬಟ್ಟಲು ಅತಿಥಿಗಳಿಗೂ ಹೋಯಿತು. ಉತ್ತರದವನು ಒಂದು ಗುಟುಕು ಹೀರಿ, ಬಲು ಸೌಜನ್ಯದಿಂದ “ಗ್ರಾಸಿಯಾಸ್!” ಎಂದ. ಪೂರ್ವದವಳು ಕರವಸ್ತ್ರದಲ್ಲಿ ಕೊಳವೆಯನ್ನು ಚೆನ್ನಾಗಿ ಒರೆಸಿ ಹೀರಿದಳು.

“ಒಬ್ಬರು ಬೇಡ ಅಂದ್ರು, ಇನ್ನೊಬ್ಬರು ನಮ್ಮ ಎಂಜಲು ಒರೆಸಿಬಿಟ್ರು,” ಎಂದ ಅನಸ್ತಾಸಿಯೊ ಗ್ವಾರಾನಿಯಲ್ಲಿ, ಯಾರನ್ನೂ ನೋಡದೆ. “ಸೆಕೆ ಬೇರೆ, ನಲವತ್ತು ಡಿಗ್ರಿ. ಪಾಪ.” ದುಭಾಷಿಗಳಿಬ್ಬರೂ ಇದನ್ನು ಮಾತ್ರ ಅನುವಾದಿಸಲಿಲ್ಲ.

ಬಟ್ಟಲು ಅವನ ಕೈಗೆ ಬಂತು. ಕುಡಿದ. ನಿದಿಯಾ ಕೈ ಚಾಚಿದಳು. ಅವನು ಬಟ್ಟಲನ್ನು ಒಂದು ಕ್ಷಣ ಹಿಡಿದುಕೊಂಡೇ ಇದ್ದು, “ಓದಲಿ, ನೋಡೋಣ,” ಎಂದು ಸುಮ್ಮನೆ ಕೊಟ್ಟ. ಧನ್ಯವಾದ ಹೇಳಲಿಲ್ಲ. ಇನ್ನೂ ಹೇಳಿರಲಿಲ್ಲ, ಅಷ್ಟೆ.

ದೋನ್ಯಾ ಸ್ಪ್ಯಾನಿಷ್ ಓದಿ ಮುಗಿಸಿ, ಗ್ವಾರಾನಿಯ ಹಾಳೆ ಎತ್ತಿಕೊಂಡಳು. ಕುರ್ಚಿಯನ್ನು ಎರಡು ಕೈಯಿಂದ ಹಿಡಿದು ಕರ್ರೆಂದು ಅನಸ್ತಾಸಿಯೊನ ಕಡೆ ತಿರುಗಿಸಿದಳು.

“ಏನ್ ದೋನ್ಯಾ, ನನ್ನ ಮೇಲೆ ಜಗಳಕ್ಕಾ?” ಎಂದ ಅವನು.

“ಜಗಳ ಬೆಳಿಗ್ಗೆ ನೀವು ಆಡಿ ಹೋದ್ರಲ್ಲ ಯಜಮಾನ್ರೇ. ಈಗ ನನ್ನ ಸರದಿ. ಕೇಳಿ.”

ಓದಿದಳು. ಮೊದಲ ‘ನ್ಯಾಂದೆ’ ಬಂದಾಗ ಅನಸ್ತಾಸಿಯೊ ಟೋಪಿಯ ಅಂಚು ತಿರುಗಿಸುವುದನ್ನು ನಿಲ್ಲಿಸಿದ. ಎರಡನೆಯದಕ್ಕೆ ತಲೆಯೆತ್ತಿದ. ನ್ಯಾಂದೆಯ ಮರಗೆಣಸು, ನಿನ್ನ ಹಿತ್ತಲದೂ ನನ್ನ ಹಿತ್ತಲದೂ, ಎಂಬಲ್ಲಿಗೆ ಬಂದಾಗ ಅವನ ಕಣ್ಣು ಎಲ್ಲೋ ದೂರ ಹೋಯಿತು, ಬಹುಶಃ ಅಜ್ಜಿಯ ಹಿತ್ತಲಿಗೆ. ಮತ್ತೆ ಕರ್ರೆಂದು ಕುರ್ಚಿ ಗೋಡೆಯ ಕಡೆ ತಿರುಗಿತು: ಒರೆ. ಉತ್ತರದವನು ನೆಟ್ಟಗೆ ಕೂತ, ಪೂರ್ವದವಳು ಬರೆದುಕೊಂಡಳು. ಸೊಳ್ಳೆಯ ರೋಗದ ಭಾಗಕ್ಕೆ ಬಂದಾಗ ಅದೇ ಮುಖಗಳನ್ನು ನೋಡಿ ‘ನ್ಯಾಂದೆ’ ಎಂದಳು. ದುಭಾಷಿ ಕಿವಿಯಲ್ಲಿ ಹೇಳಿದ್ದನ್ನು ಕೇಳಿ ಇಬ್ಬರೂ ಒಟ್ಟಿಗೇ ತಲೆದೂಗಿದರು, ಹಾಗೆ ತಲೆದೂಗಿದ್ದು ತಿಳಿದು ಇಬ್ಬರೂ ಒಟ್ಟಿಗೇ ನಿಲ್ಲಿಸಿದರು.

ಕುರ್ಚಿ ತಿರುಗುತ್ತಲೇ ಇತ್ತು. ಆ ಕುಳ್ಳಗಿನ ಹೆಂಗಸು, ಒಂದು ಕಡೆ ಹಿತ್ತಲಿನ ಮನುಷ್ಯ, ಇನ್ನೊಂದು ಕಡೆ ಜಗತ್ತಿನ ಎರಡು ದೊಡ್ಡ ಮನೆಯವರು, ನಡುವೆ ತಾನು, ಯಾರಿಗೂ ದನಿ ಏರಿಸದೆ, ಯಾರಿಗೂ ಬಾಗದೆ, ಎಲ್ಲಿ ಯಾವ ತಗಡು ಎಂದು ಇದ್ದಿಲಿನಲ್ಲಿ ಬರೆದಂತೆ ಓದುತ್ತಿದ್ದಳು. ಬಟ್ಟಲು ಮೂರನೆಯ ಸುತ್ತು ಬಂತು, ನಾಲ್ಕನೆಯದೂ. ಅನಸ್ತಾಸಿಯೊ ಪ್ರತಿಸಲವೂ ಕುಡಿದು ಸುಮ್ಮನೆ ಹಿಂದಿರುಗಿಸಿದ. ಉತ್ತರದವನು ಬಟ್ಟಲು ತನ್ನನ್ನು ದಾಟಿ ಹೋಗುವುದನ್ನೇ ಆಸೆಯಿಂದ ನೋಡುತ್ತಿದ್ದ.

“ಕೊನೇ ಸಾಲು,” ಎಂದರು ಅಧ್ಯಕ್ಷರು ಗಡಿಯಾರ ನೋಡುತ್ತ. “ಅದಾದ ಮೇಲೆ ಕೈ ಎತ್ತೋದು.”

ದೋನ್ಯಾ ಹಾಳೆ ನೋಡಿದಳು. ಮುಂದೆ ಬರುವವರಿಗೆ ಒಪ್ಪಿಸುವ ಸಾಲಿನ ‘ನಾವು’ ಇದ್ದಲ್ಲಿ ಖಾಲಿ ಜಾಗ. ಕುರ್ಚಿಯನ್ನು ಅನಸ್ತಾಸಿಯೊನ ಕಡೆ ತಿರುಗಿಸಹೊರಟು, ನಿಲ್ಲಿಸಿದಳು. ಗೋಡೆಯ ಕಡೆ ನೋಡಿದಳು. ಅಲ್ಲೂ ಅಲ್ಲ. ನಿದಿಯಾ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಆರು ವರ್ಷದಲ್ಲಿ ಮೊದಲ ಸಲ ಈ ಹೆಂಗಸು ಮುಖ ಎಲ್ಲಿ ತಿರುಗಿಸಬೇಕೆಂದು ತಿಳಿಯದೆ ಕೂತದ್ದು. ಅಧ್ಯ‌ಕ್ಷರು ಕೆಮ್ಮಿದರು. ವಿರೋಧದವರಲ್ಲೊಬ್ಬರು ಪಕ್ಕದವರ ಕಡೆ ನೋಡಿ ಹುಬ್ಬು ಹಾರಿಸಿದರು. ಅನಸ್ತಾಸಿಯೊ ತನ್ನ ಸರದಿಗೆ ಮತ್ತೆ ಬಂದಿದ್ದ ಬಟ್ಟಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. ಬಲಗೈ ಮೇಜಿನ ಮೇಲೆ ಬರಿದಾಗಿ, ಕಾಯುತ್ತ ಉಳಿಯಿತು.

ಬೆನ್ನ ಹಿಂದೆ ಸ್ಟೂಲು ಅಲುಗಿದ್ದು ನಿದಿಯಾಗೆ ಗೊತ್ತಾಯಿತು. ಸುಮ್ಮನಿರು ಎನ್ನಲು ತಿರುಗಿದವಳು, ಮಗಳ ಮುಖ ನೋಡಿ, ಬೆಳಗಿನಿಂದ ಮೂರು ಸಲ ಅವಳ ಮಾತು ಕೇಳದೆ ಹೋದದ್ದು ನೆನಪಾಗಿ, ಎತ್ತಿದ ಕೈಯನ್ನು ಅವಳ ಬೆನ್ನ ಮೇಲಿಟ್ಟಳು. ಜೆರುತಿ ಎದ್ದು ನಿಂತಿದ್ದಳು. ಈ ಸಲ ಅಪ್ಪಣೆ ಕೇಳಲಿಲ್ಲ. ದೋನ್ಯಾ ಸುನಿಲ್ದಾಳ ಕುರ್ಚಿ, ಯಾರೂ ತಳ್ಳದೆಯೇ ಎಂಬಂತೆ, ನಿಧಾನವಾಗಿ ಅವಳ ಕಡೆ ತಿರುಗಿತು.

“ಅಜ್ಜೀ,” ಎಂದಳು ಜೆರುತಿ, “ಆ ‘ನಾವು’ ಅನ್ನೋದರಲ್ಲಿ ನಾನೂ ಇದ್ದೀನಾ?”